ಗುಂಡು ತಳ್ಳುವ ಕಾಲು

"ಶಾಂಭವಿ ಗುಂಡೆಸೆತದಲ್ಲಿ ಫೇಲಾಗ್ಬುಟ್ಟಳಂತೆ ಕಣೇ!" ರಮ್ಯಾ ಮೈದಾನದ ಗೇಟಿನಿಂದಲೇ ಕೂಗಿದಳು.

ನವ್ಯಶ್ರೀ ಕೈಯಲ್ಲಿದ್ದ ಕಬ್ಬಿಣದ ಗುಂಡನ್ನು ನೆಲಕ್ಕೆ ಬಿಟ್ಟಳು. "ಸುಮ್ನಿರೇ. ಅವ್ಳ ತೋಳು ನೋಡಿದ್ದೀಯಾ?"

"ತೋಳು ಕಟ್ಕೊಂಡು ಏನ್ ಮಾಡ್ತೀಯ? ಒಂದ್ ಸಲಾನೂ ಗೆರೆ ದಾಟ್ಲಿಲ್ವಂತೆ."

ಪೊಲೀಸ್ ಕೆಲಸದ ದೈಹಿಕ ಪರೀಕ್ಷೆ ರಾಮನಗರದಲ್ಲಿ ನಡೆಯುತ್ತಿತ್ತು. ಶಾಂಭವಿಯದು ಇವತ್ತು ಮುಗಿದಿತ್ತು, ನವ್ಯಶ್ರೀಯದು ನಾಳೆ. ಓಟ, ಜಿಗಿತದ ಚಿಂತೆ ಅವಳಿಗಿರಲಿಲ್ಲ. ಗುಂಡು ಮಾತ್ರ ಗೆರೆಗಿಂತ ಒಂದು ಗೇಣು ಹಿಂದೆಯೇ ಬೀಳುತ್ತಿತ್ತು. ಈ ಸಲ ಆಗದಿದ್ದರೆ ಮದುವೆಗೆ ಒಪ್ಪಬೇಕು ಎಂದು ಅಪ್ಪ ಹೇಳಿಯಾಗಿತ್ತು. ಭಾನುವಾರ ಗಂಡಿನವರು ಬರುವವರಿದ್ದರು. ಮಾಗಡಿಯ ಜಿಮ್ಮಿನಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಎತ್ತುವ ಶಾಂಭವಿಗೇ ಆಗಲಿಲ್ಲವೆಂದರೆ?

ನವ್ಯಶ್ರೀ ಮತ್ತೆ ಎಸೆದಳು. ಗುಂಡು ಗೆರೆಗಿಂತ ಇನ್ನೂ ಹಿಂದೆ ಬಿತ್ತು. ಓಡಿಹೋಗಿ ಎತ್ತಿಕೊಂಡು ಬಂದು ಮತ್ತೆ ಎಸೆದಳು.

"ಹಿಂಗೇ ಎಸೀತಿದ್ರೆ ಕೊನೆಗೆ ನಿನ್ ಕಾಲ್ ಮೇಲೇ ಬೀಳ್ತದೆ," ಎಂದಳು ರಮ್ಯಾ.

ಅಷ್ಟರಲ್ಲಿ ಶಾಂಭವಿಯೇ ಬಂದಳು, ಬಸ್ಸಿಳಿದು ನೇರವಾಗಿ. ಕಣ್ಣು ಊದಿಕೊಂಡಿತ್ತು. ಏನು ಹೇಳಬೇಕೋ ತಿಳಿಯದೆ ನವ್ಯಶ್ರೀ, "ಕೈ ನೋಯ್ತೈತಾ?" ಎಂದಳು.

"ತೋಳು ಕಿತ್ತೋಗಂಗೆ ನೋಯ್ತೈತೆ. ಕಾಲು ಒಸೀನೂ ನೋಯ್ತಿಲ್ಲ. ಬಸ್ಸಲ್ಲಿ ಅದ್ನೇ ಯೋಚ್ನೆ ಮಾಡ್ಕೊಂಡ್ ಬಂದೆ. ದುಡಿದಿದ್ದು ತೋಳೊಂದೇ ಕಣೇ." ಶಾಂಭವಿ ಮೆಟ್ಟಿಲ ಮೇಲೆ ಕುಸಿದಳು. "ಕನ್ನಡೀಲಿ ಕಾಣ್ತದಲ್ಲ ಅಂತ ದಿನಾ ಡಂಬಲ್ ಎತ್ತಿ ಬೈಸೆಪ್ಸ್ ಬೆಳೆಸ್ದೆ. ನೀನೂ ನನ್ನೇ ನೋಡ್ಕೊಂಡು ಕಲ್ತೆ."

ಶಾಂಭವಿ ತಟ್ಟನೆ ಎದ್ದಳು. "ನಿಮ್ಮನೇಲಿ ರೇಷ್ಮೆ ಹುಳ ಸಾಕ್ತೀರಲ್ಲ. ಯಾರೂ ಇಲ್ದಾಗ ಸೊಪ್ಪಿನ ಹೊರೆ ತಲೆಗೆ ಹೆಂಗೆ ಏರಿಸ್ಕೋತೀಯ? ಮಾಡಿ ತೋರ್ಸು."

ನವ್ಯಶ್ರೀ ಇಲ್ಲದ ಹೊರೆಯನ್ನು ತೊಡೆಯ ಮೇಲೆ ಆನಿಸಿಕೊಂಡು, ಮಂಡಿ ಬಗ್ಗಿಸಿ, ಒಂದೇ ಏಟಿಗೆ ಮೇಲೆದ್ದಳು. ರಮ್ಯಾ ಕಿಸಕ್ಕನೆ ನಕ್ಕಳು. ಶಾಂಭವಿ ನಗಲಿಲ್ಲ. ಬಗ್ಗಿ ನವ್ಯಶ್ರೀಯ ತೊಡೆಗೆ ಅಂಗೈ ಒತ್ತಿ ಹಿಡಿದಳು.

"ಮೊದ್ಲು ಇದು ಬಿಗಿಯಾಗ್ಬೇಕು. ಆಮೇಲೆ ಸೊಂಟ, ಆಮೇಲೆ ಭುಜ. ತೋಳು ಕೊನೇಲಿ. ಈಗ ತಳ್ಳು."

ಗುಂಡು ಧೂಳೆಬ್ಬಿಸಿ ಬಿತ್ತು.

"ದಾಟ್ತು!" ರಮ್ಯಾ ಕುಣಿದಳು.

ಶಾಂಭವಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. "ಇಲ್ಲ. ಗೆರೆ ಮೇಲೈತೆ. ಇನ್ನೊಂದ್ ಸಲ."

ಕತ್ತಲಾಗುವ ಹೊತ್ತಿಗೆ ಗುಂಡು ಒಮ್ಮೆ ಆಚೆ ಬೀಳುತ್ತಿತ್ತು, ಒಮ್ಮೆ ಈಚೆ. ನವ್ಯಶ್ರೀಯ ತೊಡೆಗಳು ನಡುಗುತ್ತಿದ್ದವು.

"ಸಾಕು, ಕಾಲಿಗೆ ರೆಸ್ಟ್ ಕೊಡು," ಎಂದಳು ಶಾಂಭವಿ. "ಬೆಳಗ್ಗೆ ನಾನೂ ಬತ್ತೀನಿ."

"ನೀನ್ಯಾಕೆ ಮತ್ತೆ ಅಲ್ಲಿಗೆ?"

ಶಾಂಭವಿ ಗುಂಡಿನ ಮಣ್ಣನ್ನು ತನ್ನ ಪ್ಯಾಂಟಿಗೆ ಒರೆಸುತ್ತಿದ್ದಳು.

"ಕಾಂಪೌಂಡ್ ಆಚೆ ನಿಂತ್ಕೋತೀನಿ. ಐದೂವರೆಗೆ ಬಸ್‌ಸ್ಟ್ಯಾಂಡ್‌ತಾವ ಇರು."