ಗುಂಡನ ಪಾಲಿನ ಪ್ರಸಾದ

ನಾಯಿ ತೊಳೆಯುವುದು ನನ್ನ ಕೆಲಸ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾಯಿಗಳಿಗೆ ಸ್ನಾನ ಮಾಡಿಸುತ್ತೇನೆ, ಉಗುರು ಕತ್ತರಿಸುತ್ತೇನೆ, ಊರಿಗೆ ಹೋಗುವವರ ನಾಯಿಗಳನ್ನು ಎರಡು ಮೂರು ದಿನ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಮೊದಲು ಹರಿಹರದಲ್ಲಿ ಡಾಕ್ಟರ್ ಕೃತಿಕಾ ಅವರ ಪ್ರಾಣಿ ಕ್ಲಿನಿಕ್ಕಿನಲ್ಲಿ ಆರು ವರ್ಷ ಸಹಾಯಕಿಯಾಗಿದ್ದೆ. ನಮ್ಮವ್ವ ನಾಗಕ್ಕ ನೆಂಟರ ಮುಂದೆ, ನಮ್ಮ ಶಾಂತಲಾ ಆಸ್ಪತ್ರೆ ಕೆಲಸದಲ್ಲಿದ್ದಳು ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ.

ಈ ಕೆಲಸದಲ್ಲಿ ಒಂದು ವಿಷಯ ಕಂಡುಕೊಂಡಿದ್ದೇನೆ. ನಾಯಿ ತರುವವರು ಗಂಡಸರು, ಸಾಕುವವರು ಹೆಂಗಸರು. ಗಂಡಸರಿಗೆ ನಾಯಿಯ ಜಾತಿ ಗೊತ್ತಿರುತ್ತದೆ, ಅದರ ಅಪ್ಪ ಯಾವ ಊರಿನದು ಎಂಬುದೂ ಗೊತ್ತಿರುತ್ತದೆ. ಬೆಳಿಗ್ಗೆ ಏನು ತಿಂತು ಎಂದು ಕೇಳಿದರೆ ಅಡುಗೆಮನೆ ಕಡೆ ಮುಖ ಮಾಡುತ್ತಾರೆ.

ಪಿ.ಜೆ. ಬಡಾವಣೆಯ ವಾಮದೇವಪ್ಪನವರೂ ಹಾಗೆಯೇ. ಬಟ್ಟೆ ಅಂಗಡಿಯ ದೊಡ್ಡ ಕುಳ. ಗೇಟಿನಲ್ಲೊಂದು ನಾಯಿ ಇದ್ದರೆ ಮನೆಗೆ ತೂಕ ಎಂದು ಲ್ಯಾಬ್ರಡಾರ್ ಮರಿ ತಂದರು. ತಿಂಗಳೊಳಗೆ ಅದು ಅವರ ಹೆಂಡತಿ ಉಮಾಮಹೇಶ್ವರಿಯವರ ಸೆರಗಿಗೆ ಗಂಟುಬಿತ್ತು. ಹೆಸರು ಗುಂಡ. ಮೊಟ್ಟೆ ಸಹ ಹೊಸ್ತಿಲು ದಾಟದ ಮನೆ ಅದು, ಗುಂಡ ಮೊಸರನ್ನ, ರೊಟ್ಟಿ, ಹಾಲು ತಿಂದೇ ಮೂವತ್ತು ಕೆ.ಜಿ. ಬೆಳೆದ.

ಶ್ರಾವಣದಲ್ಲಿ ಅವರ ಮನೆಯವರೆಲ್ಲ ಒಂದು ಮದುವೆಗೆ ಹೋದರು. ಗುಂಡ ಶನಿವಾರ, ಭಾನುವಾರ ನನ್ನಲ್ಲಿದ್ದ. ಯಾವ ನಾಯಿಗೆ ಯಾವಾಗ ಏನು ಹಾಕಿದೆ ಎಂದು ಪುಸ್ತಕದಲ್ಲಿ ಬರೆದಿಡುವುದು ನನಗೆ ಕೃತಿಕಾ ಮೇಡಂ ಕಲಿಸಿದ ಅಭ್ಯಾಸ. ಭಾನುವಾರ ಸಂಜೆ ಬಾಲ ಬೀಸುತ್ತ ಮನೆಗೆ ಹೋದವನು ಸೋಮವಾರ ರಾತ್ರಿಯಿಂದ ವಾಂತಿ ಶುರುಮಾಡಿದನಂತೆ.

ಅದು ನನಗೆ ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ, ಅದೂ ಬೇರೆಯವರಿಂದ. ವಾಮದೇವಪ್ಪನವರು ಬಡಾವಣೆಯ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದ್ದರು. ನಿಟ್ಟುವಳ್ಳಿ ಶೆಡ್ಡಿನಲ್ಲಿ ಹಳಸಿದ್ದು ತಿನ್ನಿಸಿ ನಮ್ಮ ನಾಯಿಯನ್ನು ಹಾಳು ಮಾಡಿದ್ದಾರೆ, ಯಾರೂ ಅಲ್ಲಿಗೆ ಕಳಿಸಬೇಡಿ ಎಂದು. ನನ್ನ ಗಿರಾಕಿ ಪ್ರೇಮಲತಾ ಅದನ್ನು ನನಗೆ ಕಳಿಸಿ, ಈ ವಾರ ನಮ್ಮ ನಾಯಿಗೆ ಸ್ನಾನ ಬೇಡ ಎಂದೂ ಸೇರಿಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹತ್ತು ಗಂಟೆಯೊಳಗೆ ಇನ್ನೂ ನಾಲ್ವರು ಬರುವುದಿಲ್ಲ ಎಂದರು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಆ ಬಡಾವಣೆಯವರೇ. ಹೋಗಿ ಅವರ ಗೇಟಿನ ಮುಂದೆ ನಿಂತು ನಾಲ್ಕು ಮಾತು ಅನ್ನಬೇಕು ಎಂದು ಚಪ್ಪಲಿ ಮೆಟ್ಟಿದ್ದೆ.

ಅಷ್ಟರಲ್ಲಿ ಆ ಮನೆಯಿಂದಲೇ ಫೋನು. ಉಮಕ್ಕ ಅಳುತ್ತಿದ್ದರು. ನಮ್ಮೂರಿನಲ್ಲೇ ಯಾರೋ ಡಾಕ್ಟರು ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರಂತೆ, ವಾಂತಿ ನಿಂತಿತು, ಆದರೆ ಗುಂಡ ಬೆಳಗಿನಿಂದ ಒಂದು ಹನಿ ಉಚ್ಚೆ ಮಾಡಿಲ್ಲ. ಉಚ್ಚೆ ನಿಂತ ನಾಯಿಯ ಹತ್ತಿರ ಜಗಳಕ್ಕೆ ಸಮಯ ಇರುವುದಿಲ್ಲ. ಸಿಟ್ಟನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡು, ಹರಿಹರಕ್ಕೆ ಹೋಗಬೇಕು ಎಂದು ಆಟೋ ಓಡಿಸುವ ಇಮ್ರಾನ್‌ಗೆ ಹೇಳಿದೆ. ನಾಯಿ ಹತ್ತಿಸಿಕೊಳ್ಳುವ ಆಟೋ ಅವನದೊಂದೇ. ಹೊಸ ಕಾರಿನ ಸೀಟು ಕೆಡುತ್ತದೆ ಎಂದು ವಾಮದೇವಪ್ಪನವರು ಕಾರಿನಲ್ಲಿ ಒಬ್ಬರೇ ಹಿಂದೆ ಬಂದರು. ಹರಿಹರದವರೆಗೂ ಗುಂಡನ ತಲೆ ಉಮಕ್ಕನ ತೊಡೆಯ ಮೇಲಿತ್ತು.

ಕೃತಿಕಾ ಮೇಡಂ ಮುಟ್ಟಿ ನೋಡಿ, ಕಿಡ್ನಿಗೆ ಪೆಟ್ಟು ಬಿದ್ದಂತಿದೆ ಎಂದರು. ಸಲೈನ್ ಹಚ್ಚಿ, ರಕ್ತ ತೆಗೆದರು. ಯಾವ ವಿಷ ಎಂದು ತಿಳಿದರೆ ದಾರಿ ಸಿಗುತ್ತದೆ, ಸುಮ್ಮನೆ ಕತ್ತಲಲ್ಲಿ ಕಲ್ಲು ಹೊಡೆಯಲಾರೆ ಎಂದು, ನಿನ್ನೆ ಏನು ತಿಂದಿದೆ ಎಂದು ಕೇಳಿದರು. ಮೊಸರನ್ನ ಬಿಟ್ಟರೆ ಏನೂ ಇಲ್ಲ ಎಂದು ಉಮಕ್ಕ ಆಣೆ ಮಾಡಿದರು. ವಾಮದೇವಪ್ಪನವರು ನನ್ನ ಕಡೆ ಕೈ ತೋರಿಸಿದರು. ನಾನು ಜೊತೆಗೆ ತಂದಿದ್ದ ಪುಸ್ತಕ ತೆರೆದಿಟ್ಟೆ. ಅವರು, ಬರೆಯುವವರು ಏನು ಬೇಕಾದರೂ ಬರೆಯಬಹುದು ಎಂದು ಹೇಳಿ, ಫೋನು ಹಿಡಿದು ಹೊರಗೆ ಹೋದರು.

ಉಮಕ್ಕನ ಮುಖ ಬಿಳಿಚಿತ್ತು. ಮೇಡಂ ಟೀ ತರಿಸಿ ಕೈಗಿಟ್ಟರು. ಅವರು ಲೋಟ ಹಿಡಿದುಕೊಂಡು, ಭಾನುವಾರ ರಾತ್ರಿಯಿಂದ ನಾನೂ ಏನೂ ತಿಂದಿಲ್ಲ, ನಿನ್ನೆ ಕಡೇ ಶ್ರಾವಣ ಸೋಮವಾರದ ಉಪವಾಸ, ಒಂದಿಷ್ಟು ಪ್ರಸಾದ ತಗೊಂಡದ್ದಷ್ಟೇ ಎಂದರು.

ಈ ಲೆಕ್ಕ ನನಗೆ ಹೊಸದಲ್ಲ. ನಮ್ಮವ್ವ ಉಪವಾಸದ ದಿನ ತಟ್ಟೆ ತುಂಬ ಪ್ರಸಾದ ತಿಂದು, ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲ ಎನ್ನುತ್ತಾಳೆ. ಅದು ಸುಳ್ಳೂ ಅಲ್ಲ. ಪ್ರಸಾದವನ್ನು ಯಾರೂ ಊಟಕ್ಕೆ ಸೇರಿಸುವುದಿಲ್ಲ.

"ಉಮಕ್ಕ, ಗುಂಡನಿಗೆ ಪ್ರಸಾದ ಕೊಟ್ರೇನು?" ಎಂದು ಕೇಳಿದೆ.

"ಕೊಡದೆ ಹೆಂಗಿರ್ಲಿ? ಪ್ರತಿ ಸೋಮವಾರ ಅವನಿಗೊಂದು ತುತ್ತು ಐತೆ. ನಿನ್ನೆ ಪೂಜೆಗೆ ಜನ ಕಡಿಮೆ ಬಂದ್ರು, ರವೆ ಸಜ್ಜಕ ಉಳೀತು. ಪ್ರಸಾದ ಚೆಲ್ಲಬಾರದಲ್ಲ, ಪಾತ್ರೆನೇ ಮುಂದಿಟ್ಟೆ."

"ಒಣದ್ರಾಕ್ಷಿ ಹಾಕಿದ್ರಾ?"

"ಕೈ ತುಂಬ ಹಾಕಿದ್ದೆ."

ಮೇಡಂ ಎದ್ದರು. ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ ಎಂದು ಅವರು ಹೇಳಿದಾಗ ಉಮಕ್ಕನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದರು.

"ಇವರಿಗೆ ಹೇಳಬ್ಯಾಡ್ರಿ ಶಾಂತಲಾ. ದೇವರ ಪ್ರಸಾದ ಕೊಟ್ಟು ಕೊಂದ್ಲು ಅಂತಾರೆ. ಜೀವ ಇರೋತನಕ ಅಂತಾರೆ."

ಹೊರಗೆ ವಾಮದೇವಪ್ಪನವರು ಯಾರಿಗೋ ಫೋನಿನಲ್ಲಿ ನನ್ನ ಶೆಡ್ಡಿನ ಕಥೆಯನ್ನೇ ಹೇಳುತ್ತಿದ್ದರು. ಬಾಗಿಲಿಗೆ ನಾಲ್ಕು ಹೆಜ್ಜೆ. ಒಂದು ಮಾತು ಸಾಕಿತ್ತು. ನನಗೆ ಹೇಳಬೇಕು ಅನ್ನಿಸಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಉಮಕ್ಕ ನನ್ನ ಕೈ ಬಿಡಲಿಲ್ಲ.

"ನಾನು ಹೇಳಲ್ಲ. ಆದ್ರೆ ನನ್ನ ಹೆಸರು ಬೀದೀಲಿ ಬಿದ್ದೈತೆ. ಎತ್ತೋದಾದ್ರೆ ನೀವೇ ಎತ್ತಬೇಕು" ಎಂದೆ. ಅವರು ನನ್ನ ಕೈ ಬಿಟ್ಟು ಗುಂಡನ ಹತ್ತಿರ ಹೋದರು.

ಮೂರು ದಿನ ಸಲೈನು ನಡೆಯಿತು. ಉಮಕ್ಕ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಶೆಡ್ಡಿಗೆ ನಾಯಿ ಬರದ ಕಾರಣ ನಾನೂ ಅಲ್ಲೇ ಇರುತ್ತಿದ್ದೆ. ಸಂದೇಶದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಒಳಗೊಳಗೇ ನನಗೆ ಅವರ ಮೇಲೆ ಸಿಟ್ಟು ಬೆಳೆಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಗುಂಡ ತೂರಾಡುತ್ತ ಎದ್ದು, ಆಗಷ್ಟೇ ಬಂದು ನಿಂತಿದ್ದ ವಾಮದೇವಪ್ಪನವರ ಬೂಟಿನ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದ. ಮೇಡಂ ಚಪ್ಪಾಳೆ ತಟ್ಟಿದರು. ವಾಮದೇವಪ್ಪನವರು ಬೂಟು ಒರೆಸಿಕೊಳ್ಳುತ್ತ, ಇನ್ನು ಮೇಲೆ ಯಾರ ಹತ್ತಿರ ಬಿಡಬೇಕು ಎಂಬುದಕ್ಕೆ ಇದೊಂದು ಪಾಠ ಎಂದರು.

ಉಮಕ್ಕ ಗಂಡನ ಕೈಯಿಂದ ಫೋನು ತೆಗೆದುಕೊಂಡರು. ಬಡಾವಣೆಯ ಆ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದು ವಾಮದೇವಪ್ಪನವರ ನಂಬರು ಮಾತ್ರ, ಉಮಕ್ಕನ ದನಿ ಅಲ್ಲಿ ಯಾರೂ ಕೇಳಿದವರಲ್ಲ. ಗುಂಪು ತೆರೆದು ಮೈಕ್ ಒತ್ತಿ ಹಿಡಿದರು.

"ನಾನು ವಾಮದೇವಪ್ಪನೋರ ಮನೆಯಾಕಿ ಮಾತಾಡ್ತಿರೋದು. ಗುಂಡನಿಗೆ ದ್ರಾಕ್ಷಿ ಹಾಕಿದ ಪ್ರಸಾದ ತಿನ್ಸಿದ್ದು ನಾನು. ಅದೇ ವಿಷ ಆಗಿತ್ತು. ಶಾಂತಲಾ ಅವರದ್ದು ಏನೂ ತಪ್ಪಿಲ್ಲ. ಅವರು ಕೇಳದಿದ್ರೆ ಗುಂಡ ಉಳೀತಿರಲಿಲ್ಲ."

ಬೆರಳು ಎತ್ತಿ ಫೋನನ್ನು ಗಂಡನಿಗೆ ವಾಪಸು ಕೊಟ್ಟರು. ವಾಮದೇವಪ್ಪನವರು ಫೋನನ್ನು ಜೇಬಿಗೆ ಹಾಕಿಕೊಂಡು ಮತ್ತೆ ಬೂಟು ಒರೆಸತೊಡಗಿದರು.

ಆ ಸಂಜೆ ನನಗೆ ಆರು ಫೋನು ಬಂದವು. ಎಲ್ಲರೂ ಹೆಂಗಸರು. ಸ್ನಾನದ ಮಾತು ಯಾರೂ ಮೊದಲು ಎತ್ತಲಿಲ್ಲ. ಪ್ರೇಮಲತಾ ದನಿ ತಗ್ಗಿಸಿ, ನಮ್ಮ ನಾಯಿಗೂ ಪ್ರಸಾದ ಒಂದೊಂದು ತುತ್ತು ಕೊಡುತ್ತ ಬಂದಿದ್ದೇನೆ, ಏನಾದರೂ ಆಗುತ್ತದೆಯೇ ಎಂದು ಕೇಳಿದರು.

ಮುಂದಿನ ಸೋಮವಾರ ಉಮಕ್ಕ ಗುಂಡನೊಂದಿಗೆ ಶೆಡ್ಡಿಗೆ ಬಂದರು, ಕೈಯಲ್ಲಿ ಸಜ್ಜಕದ ಡಬ್ಬಿ. ನಾನು ಮುಚ್ಚಳ ತೆಗೆದು ಚಮಚದಲ್ಲಿ ಕೆದಕಿದೆ. ಒಂದೂ ದ್ರಾಕ್ಷಿ ಇರಲಿಲ್ಲ. ನೈವೇದ್ಯಕ್ಕೂ ಹೀಗೇ ಇಟ್ಟಿರಾ ಎಂದು ಕೇಳಿದೆ.

"ದೇವರಿಗೆ ದ್ರಾಕ್ಷಿ ಇಲ್ದಿದ್ರೂ ನಡೀತೈತೆ" ಎಂದರು.

ಆಮೇಲೆ, ಊರಿಗೆ ಹೋಗುವುದಿದೆ, ನಾಳೆ ಸಂಜೆ ಬರುತ್ತೇನೆ ಎಂದು ಹೇಳಿ ಗುಂಡನ ಹಗ್ಗವನ್ನು ನನ್ನ ಕೈಗೆ ಕೊಟ್ಟರು.