ರಸ್ತೆಗೆ ಹರಡಿದ ಹುರುಳಿ

ಒಣಹುಲ್ಲಿನ ಮೇಲೆ ಏನೋ ಜಾರಿದ ಸದ್ದು, ಆಮೇಲೆ ತಗಡಿಗೆ ಕಲ್ಲು ತಾಗಿದಂಥ ಸಣ್ಣದೊಂದು ಟಣ್. ಸರಿರಾತ್ರಿಯಲ್ಲಿ ಎಂಟನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ಲತಾಮಣಿಗೆ ಮಾತ್ರ ಅದು ಕೇಳಿಸಿತು. ಗಂಡ ಕೆಂಪರಾಜು ಮಲಗಿದ್ದ. ನಸುಕಿಗೇ ಎದ್ದು ಕನಕಪುರಕ್ಕೆ ಟೆಂಪೊ ಓಡಿಸಬೇಕು. ಅವಳು ಟಾರ್ಚ್ ಹಿಡಿದು ಹೊರಗೆ ಬಂದಳು.

ಮನೆಯ ಮುಂದಿನ ಕೋಡಿಹಳ್ಳಿ ರಸ್ತೆಯಲ್ಲಿ ಮಾವ ಬೋರಲಿಂಗಯ್ಯ ಕೂತಿದ್ದರು. ಪಕ್ಕದಲ್ಲಿ ಮೊಪೆಡ್ಡು ಉರುಳಿಬಿದ್ದಿತ್ತು. ಸುತ್ತ, ಬೆಳಿಗ್ಗೆ ಅವರೇ ಹರಡಿದ್ದ ಹುರುಳಿ ಗಿಡ. ಕಣ ಮಾಡುವವರು ಈಗ ಕಡಿಮೆ. ಟಾರಿನ ಮೇಲೆ ಹರಡಿಬಿಟ್ಟರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ.

"ಏಟಾಯ್ತಾ ಮಾವ?"

"ಮಂಡಿ ಒಸಿ ತರಚೈತೆ. ಮೆಲ್ಲಕ್ಕೆ ಮಾತಾಡವ್ವ, ಅವ್ನು ಎದ್ದಾನು."

ಅವನು ಎಂದರೆ ಕೆಂಪರಾಜು. ಅಪ್ಪನ ಕಣ್ಣಿನ ಪೊರೆ ತೆಗೆಸಿದ ಮೇಲೆ, ಕಣ್ಣು ಕಾಣದೆ ಇನ್ನೊಂದು ಸಲ ಬಿದ್ದರೆ ಗಾಡಿಯ ಕೀ ತನ್ನ ಜೇಬಿಗೆ ಎಂದಿದ್ದ. ಹೇಳಿದ್ದನ್ನು ಮಾಡುವವನು. ತೋಟ ಊರಾಚೆ ದೂರದಲ್ಲಿದೆ, ಪಂಪಿಗೆ ತ್ರೀ ಫೇಸ್ ಕರೆಂಟು ಬರುವುದೇ ರಾತ್ರಿ. ಕೀ ಹೋದರೆ ತೋಟವೂ ಹೋದಂತೆ. ಮಾವನಿಗೆ ಜಗುಲಿಯೊಂದೇ ಉಳಿಯುತ್ತದೆ.

"ಬ್ರೇಕು ಹಿಡ್ದೆ ಕಣವ್ವ. ಚಕ್ರ ನಿಂತ್ಕತು, ಗಾಡಿ ನಿಲ್ನಿಲ್ಲ. ಇದ್ಯಾವ ನ್ಯಾಯ?"

"ಬ್ರೇಕು ಚಕ್ರನ ಹಿಡೀತದೆ ಮಾವ. ಚಕ್ರನ ರಸ್ತೆ ಹಿಡೀಬೇಕು. ಮಧ್ಯದಾಗೆ ಹುಲ್ಲು ಕಾಳು ಜಾರ್ತಾ ಇದ್ರೆ ರಸ್ತೆಗೆ ಚಕ್ರ ಎಲ್ಲಿ ಸಿಕ್ತದೆ?"

"ಬಿದ್ದೋನಿಗೂ ಪಾಠನಾ. ಬೆಂಚ್ ಮೇಲೆ ನಿಲ್ಲಿಸ್ಬುಡು ಅತ್ಲಾಗೆ."

ನಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಮಧ್ಯಾಹ್ನ ತರಗತಿಯಲ್ಲಿ ಮಾಡಿದ್ದೂ ಇದೇ ಪಾಠ. ಮೇಜಿನ ಮೇಲೆ ದಪ್ಪ ಪುಸ್ತಕವಿಟ್ಟು, ರಬ್ಬರ್ ಬ್ಯಾಂಡ್ ಸಿಕ್ಕಿಸಿ ಎಳೆದಾಗ ಬ್ಯಾಂಡು ಹಿಗ್ಗಿ ಹಿಗ್ಗಿ ಕೊನೆಗೆ ಪುಸ್ತಕ ಕದಲಿತ್ತು. ಕೆಳಗೆ ಒಂದು ಹಿಡಿ ಕಾಳು ಚೆಲ್ಲಿ ಎಳೆದರೆ, ಬ್ಯಾಂಡು ಹಿಗ್ಗುವ ಮೊದಲೇ ಪುಸ್ತಕ ಜಾರಿತು. ಘರ್ಷಣೆ ಕಡಿಮೆಯಾಯಿತು ಎಂದಳು. ಸಿರಿ ಎಂಬ ಹುಡುಗಿ ಎದ್ದು, "ಹಂಗಾರೆ ನಿಮ್ಮನೆ ಮುಂದ್ಲ ಹುರುಳಿ, ಮಿಸ್?" ಎಂದಳು. ತರಗತಿ ನಕ್ಕಿತು. ಲತಾಮಣಿ ಬೋರ್ಡಿನ ಕಡೆ ತಿರುಗಿಕೊಂಡಳು. ಮಾವನಿಗೆ ಹೇಳಿ ಸಾಕಾಗಿತ್ತು. ಊರೋರೆಲ್ಲ ಹಾಕ್ತಾರೆ ಎನ್ನುವುದೇ ಅವರ ಉತ್ತರ.

"ಯಾಕೆ ಬ್ರೇಕು ಹಿಡಿದ್ರಿ?"

"ಅಗೋ, ಅಲ್ಲಿ ನಾಯಿ ಮಲಗೈತಲ್ಲ."

ಅವಳಿಗೆ ಕಾಣಿಸಲಿಲ್ಲ. ಹುಲ್ಲಿನ ಬಣ್ಣದ ನಾಯಿ ಕಿವಿ ಒದರಿದ ಮೇಲೆ ಕಂಡಿತು. ಟಾರ್ಚನ್ನು ಹಿಂದಕ್ಕೆ ತಿರುಗಿಸಿದಳು. ಚಕ್ರ ಜಾರಿದ ಗೆರೆ ನೆಟ್ಟಗೆ, ಬಹಳ ಹಿಂದಿನಿಂದಲೇ ಶುರುವಾಗಿತ್ತು. ಮೊಪೆಡ್ಡಿನ ಮಂಕು ಬೆಳಕಿನಲ್ಲಿ ಅಷ್ಟು ದೂರದಿಂದ ಮಾವ ನಾಯಿಯನ್ನು ನೋಡಿದ್ದರು. ಕೈ ಹೊತ್ತಿಗೆ ಸರಿಯಾಗಿ ಬ್ರೇಕು ಒತ್ತಿತ್ತು. ಬರೀ ಟಾರಾಗಿದ್ದರೆ ಗಾಡಿ ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. ಸೋತದ್ದು ಕಣ್ಣಲ್ಲ. ಆದರೆ ಕೆಂಪರಾಜು ಇದನ್ನೆಲ್ಲ ಕೇಳಿಸಿಕೊಳ್ಳುವುದಿಲ್ಲ. ಅಪ್ಪ ಬಿದ್ದ ಎನ್ನುವುದಷ್ಟೇ ಅವನ ಕಿವಿಗೆ ಬೀಳುತ್ತದೆ.

"ಹುರುಳಿ ಈಗ್ಲೇ ತೆಗೀಬೇಕು ಮಾವ."

"ಅರ್ಧಂಬರ್ಧ ಉದುರೈತೆ. ಬೆಳಗಿನ ಬಸ್ಸು ಒಂದು ಓಡಾಡ್ಲಿ."

"ಬಸ್ಸಿಗೆ ಮುಂಚೆ ಹಾಲಿನ ಬೈಕೋರು ಬತ್ತಾರೆ."

ಮಾವ ಮಂಡಿ ಒರೆಸಿಕೊಂಡರು. ಆಮೇಲೆ ಅವಳ ಭುಜ ಹಿಡಿದು ಎದ್ದು, ಗಾಡಿಯನ್ನು ಕೊಟ್ಟಿಗೆಗೆ ತಳ್ಳಿ, ಕವೆಗೋಲು ಹಿಡಿದು ಬಂದರು. ಅವರು ಗಿಡ ಎತ್ತಿ ಅಂಗಳಕ್ಕೆ ಹಾಕಿದರು, ಅವಳು ಕಾಳು ಗುಡಿಸಿದಳು, ಗಿಡ ಚದುರದಂತೆ ಅಂಚಿಗಿಟ್ಟಿದ್ದ ಕಲ್ಲುಗಳನ್ನೂ ಸರಿಸಿದಳು. ನಾಯಿ ಬೇಸರದಿಂದ ಎದ್ದು ಹೋಯಿತು. ಅವಳ ತೋಳು ಬಿದ್ದುಹೋಗುವಂತಿತ್ತು.

ದೀಪ ಹೊತ್ತಿತು. ಕೆಂಪರಾಜು ಬಾಗಿಲಲ್ಲಿ ನಿಂತಿದ್ದ.

"ಇಷ್ಟೊತ್ನಾಗೆ ಏನ್ ಮಾಡ್ತಿದ್ದೀರಿ ಇಬ್ರೂವೆ?"

ಮಾವ ಅವಳನ್ನು ನೋಡಿದರು. ನಾಳೆಯೋ ನಾಡಿದ್ದೋ ಅವರು ಮತ್ತೆ ಬಿದ್ದರೆ, ತಪ್ಪು ಈ ಹೊತ್ತು ಸುಮ್ಮನಿದ್ದ ತನ್ನದೇ ಆಗುತ್ತದೆ. ಲತಾಮಣಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಳು. ಅಷ್ಟು ದೂರದಿಂದ ಶುರುವಾದ ಆ ಗೆರೆ ಆಗಲೇ ಪರಕೆಗೆ ಸಿಕ್ಕಿ ಅಳಿಸಿಹೋಗಿತ್ತು; ನೋಡಿದವಳು ತಾನೊಬ್ಬಳೇ.

"ಹುರುಳಿ ಎತ್ತಿಡ್ತಾ ಇದ್ದೀವಿ. ಇನ್ಮೇಲೆ ರಸ್ತೆಗೆ ಹಾಕದಿಲ್ವಂತೆ ಮಾವ."

"ಅಂತೂ ಬುದ್ಧಿ ಬಂತಾ," ಎಂದು ಆಕಳಿಸಿ ಅವನು ಒಳಗೆ ಹೋದ.

ಉಳಿದದ್ದನ್ನು ಅವನಿಗಾಗಲಿ, ಬೇರೆ ಯಾರಿಗಾಗಲಿ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದಳು.