ಉಸಿರು ಕಟ್ಟಿ ಕೇಳುವ ನಕ್ಷೆ

ಚಟಚಟ, ಚಟಚಟ, ಯಾರೋ ಕೆರೋಪೊ ಕರಿಯುತ್ತಿದ್ದಾರೆ ಅಂದುಕೊಂಡೆ, ಕಾದ ಎಣ್ಣೆಗೆ ಮೀನಿನ ಹಿಟ್ಟು ಬಿದ್ದ ಸದ್ದೇ — ಅಲ್ಲ, ಕಾಫಿ ಅಂಗಡಿಯ ಒಲೆ ಇನ್ನೂ ಹತ್ತಿಲ್ಲ, ಸದ್ದು ಬರುತ್ತಿರುವುದು ಸುರಿಯಾನಿಯ ಕಂಪ್ಯೂಟರ್ ಪರದೆಯಿಂದ, ನಮ್ಮ ಸೆತಿಯು ಊರಿನ ಕಡಲಿನ ನಕ್ಷೆಯಿಂದ, ಬಂಡೆಸಾಲಿನ ಮೇಲೆ ಅವಳ ಬೆರಳಿದೆ, ಅಲ್ಲಿನ ಸಿಗಡಿಗಳು ಚಟಗುಟ್ಟುತ್ತಿವೆ, ಬೆರಳು ಮರಳಿನ ಕಡೆ ಜಾರಿದರೆ ಸದ್ದು ತೆಳುವಾಗುತ್ತದೆ, ಹೊಳೆಬಾಯಿಗೆ ಬಂದರೆ ಮೊರೆತ. ಎಂಥ ಹುಡುಗಿ ಇವಳು, ಕಡಲಿನ ಸದ್ದು ಹಿಡಿಯಲು ಊರಿಗೆ ಬಂದವಳು, ನೀರೊಳಕ್ಕೆ ಮೈಕು ಇಳಿಬಿಟ್ಟು, ಹಗ್ಗ ಮೊಣಕೈಗೆ ಸುತ್ತಿಕೊಂಡು, ದೋಣಿಯ ತುಂಬ ವಾಂತಿ ಮಾಡಿದಳು, ಹಗ್ಗ ಮಾತ್ರ ಬಿಡಲಿಲ್ಲ. ಬರೀ ನೀಲಿ ಬಣ್ಣವಾಗಿದ್ದ ಕಡಲಿಗೆ ಗಂಟಲು ಕೊಟ್ಟಳಲ್ಲ. ಆ ನೀಲಿಯ ನಡುವೆ ಒಂದು ಕೆಂಪು ಚುಕ್ಕೆ, ಅದು ನನ್ನದು, ಅಲ್ಲಿ ನಾನೇ ತಲೆ ಮುಳುಗಿಸಿ ಕೇಳಿ, ಗೆಲಾಮ ಮೀನಿನ ಹಿಂಡು ಗೊರಗೊರ ಅನ್ನುತ್ತಿದೆ ಅಂತ ಗುರುತು ಹಾಕಿಸಿದ್ದು — ಅಪ್ಪ ಹೌದು ಅಂದರೆ ನಾಳೆಯಿಂದ ಅಪ್ಪನ ತಮ್ಮನಂಥ ಪಾಕ್ ಸು ಜುಸೋರ ದೋಣಿಯಲ್ಲಿ ಮೀನಿನ ಸದ್ದು ಕೇಳುವವಳು ನಾನು, ಅಲ್ಲ ಅಂದರೆ ದಡದಲ್ಲಿ ಮೀನು ಒಣಗಿಸುವುದು ಇದ್ದೇ ಇದೆ. ನೀರೊಳಗೆ ಮೀನಿನ ಮಾತು ಕೇಳಿ ಬಲೆ ಹಾಕಿಸುತ್ತಿದ್ದ ಅಪ್ಪ, ದೋಣಿಯ ಅಂಚು ಹಿಡಿದು ಅವರು ಮುಳುಗಿದರೆ ಯಾರೂ ಕೆಮ್ಮುವಂತಿಲ್ಲ, ಈಗ ಎದೆ ಕೈಕೊಟ್ಟಿದೆ, ಇನ್ನು ಉಸಿರು ಕಟ್ಟಬೇಡಿ ಅಂದಿದ್ದಾರೆ ಡಾಕ್ಟರು, ಅವತ್ತಿನಿಂದ ಕಡಲಿಗೆ ಬೆನ್ನು ಹಾಕಿ ಕೂರುತ್ತಾರೆ. ಡಬ್ಬಿಯೊಳಗಿನ ಮೀನನ್ನ ನಾನ್ ಕೇಳ್ಬೇಕಾ ಅಂತ ಗೊಣಗುತ್ತಿದ್ದವರ ಕಿವಿಗೆ ಸುರಿಯಾನಿ ಹೆಡ್‌ಫೋನ್ ಹಾಕಿಯೇ ಬಿಟ್ಟಳು, ಸುಮ್ನೆ ಬೆರಳಾಡ್ಸಿ ಪಾಕ್ ಚಿಕ್, ಕಚ್ಚಲ್ಲ ಅಂದಳು, ಅಪ್ಪ ಬೆರಳಿಟ್ಟರು, ಆಮೇಲೆ — ಅಯ್ಯೋ, ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ಉಸಿರು ಕಟ್ಟಿಬಿಟ್ಟರಲ್ಲ, ಕುರ್ಚಿಯ ಮೇಲೆ ಕೂತು, ಇನ್ನೊಂದು ಕೈಯಲ್ಲಿ ಮೇಜನ್ನು ದೋಣಿಯ ಅಂಚಿನ ಹಾಗೆ ಹಿಡಿದು. ಏನಣ್ಣಾ, ಒಣ ನೆಲದಲ್ಲೇ ಮುಳುಗ್ಬಿಟ್ಯಾ, ಪಾಕ್ ಸು ಜುಸೋ ನಗುತ್ತಾರೆ, ಆದರೆ ಕೈಯಲ್ಲಿದ್ದ ಲೋಟವನ್ನು ಸದ್ದಾಗದಂತೆ ಕೆಳಗಿಡುತ್ತಾರೆ. ಉಸಿರು ಬಿಡಿ ಅಪ್ಪ, ಇದು ನೀರಲ್ಲ, ಹೇಳಬೇಕು, ಹೇಳಿದರೆ ಕೇಳುವುದು ಕೆಡುತ್ತದೆ, ಬೆರಳು ಬಂಡೆ ದಾಟಿತು, ಕೆಂಪು ಚುಕ್ಕೆಯ ಮೇಲೆ ನಿಂತಿತು, ಸಿಗಡಿ ಅಂದುಬಿಟ್ಟರೆ, ಬರೀ ಅಲೆ ಅಂದುಬಿಟ್ಟರೆ, ಕೆನ್ನೆ ಇನ್ನೂ ಉಬ್ಬಿದೆ — ಫೂ, ಬಿಟ್ಟರು, ನೀರಿನಿಂದ ಎದ್ದವರ ಹಾಗೆ ಎರಡೂ ಅಂಗೈಯಲ್ಲಿ ಮುಖ ಒರೆಸಿಕೊಂಡರು, ಒಣಗಿದ ಮುಖ. ಗೆಲಾಮಾನೇ, ಹಿಂಡು ದೊಡ್ಡದಿದೆ, ನಾಳೆ ಎಂಜಿನ್ನ ದೂರದಲ್ಲೇ ಆರ್ಸೋಕೆ ಹೇಳು ಮಗಳೇ, ಗಲಾಟೆ ಮಾಡ್ಕೊಂಡ್ ಹೋದ್ರೆ ಚೆದ್ರೋಗ್ತಾವೆ. ನಾಳೆ ಅಂದರು, ಹೇಳು ಅಂದರು, ನನಗೇ ಅಂದರು, ಇನ್ನೊಂದ್ಸಲ ಹಾಕಮ್ಮ ಅನ್ನುತ್ತಿದ್ದಾರೆ ಸುರಿಯಾನಿಗೆ, ಬೇಡ ಅಪ್ಪ, ಎದೆ — ಕುರ್ಚಿಯನ್ನು ಕಡಲಿನ ಕಡೆ ತಿರುಗಿಸಿಕೊಂಡಾಯಿತು, ಕಣ್ಣು ಮುಚ್ಚಿದ್ದಾಯಿತು, ಮತ್ತೆ ಆ ಉಬ್ಬಿದ ಕೆನ್ನೆ, ನಾನೂ ಉಸಿರು ಕಟ್ಟಿ ನಿಂತಿದ್ದೇನೆ, ಆ ಉಬ್ಬಿದ ಕೆನ್ನೆ ಇಳಿಯುವವರೆಗೆ.